ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನೂರು ಕುದುರೆ

ಗೋಕಾಕದಿಂದ ಹುಕ್ಕೇರಿಗೆ ಕಾರಿನಲ್ಲಿ ಹೋಗಲು ಎಷ್ಟು ಹೊತ್ತು ಬೇಕು ಎಂದು ಪರಸ್ಥಳದವರು ಕೇಳಿದರೆ ನಾವು ಮೊದಲು ಯಾವ ತಿಂಗಳು ಎಂದು ಕೇಳುತ್ತೇವೆ. ಮಳೆಗಾಲವಾದರೆ ಒಂದು ಲೆಕ್ಕ. ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿದ ಮೇಲೆ ಬೇರೆಯೇ ಲೆಕ್ಕ. ಸಂಕೇಶ್ವರಕ್ಕೆ ಹೋಗುವ ಕಬ್ಬು, ಬೆಲ್ಲದ ಬಾಗೇವಾಡಿಗೆ ಹೋಗುವ ಕಬ್ಬು, ಮೂಡಲಗಿ ಸೀಮೆಯಿಂದ ಹೊರಟ ಕಬ್ಬು ಎಲ್ಲವೂ ರಸ್ತೆಗೆ ಇಳಿದಿರುತ್ತವೆ. ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಎರಡು ಡಬ್ಬಿ, ಡಬ್ಬಿಯ ಎರಡೂ ಮಗ್ಗುಲಿಗೆ ಮೊಳ ಮೊಳ ಹೊರಚಾಚಿದ ಕಬ್ಬು, ಡ್ರೈವರನ ತಲೆಯ ಹಿಂದೆ ಮೂರು ಊರಿಗೆ ಕೇಳುವಂತೆ ಹಚ್ಚಿದ ಹಾಡು. ಹಿಂದಿನವನು ಹಾರ್ನ್ ಬಾರಿಸಿದರೆ ಅದೂ ಹಾಡಿನ ಭಾಗವೇ ಎಂದು ಅವನು ತಿಳಿದುಕೊಳ್ಳುತ್ತಾನೆ.

ಇಂಥ ಸಾಲಿನಲ್ಲಿ ನನ್ನ ಅಕ್ಕನ ಮಗನ ಕಾರೂ ಇರುತ್ತದೆ. ಇಪ್ಪತ್ತು ವರ್ಷ ದಾಟಿದ ಗಾಡಿ, ಆದರೆ ತನ್ನ ಕಾಲಕ್ಕೆ ಹೆಸರು ಮಾಡಿದ ಗಾಡಿ. 1999ರಲ್ಲಿ ಫೋರ್ಡ್ ಐಕಾನ್ ಬಂತು, ಅದರ ಬೆನ್ನಿಗೆ ಹೋಂಡಾ ಸಿಟಿಯ ವಿಟೆಕ್ ಬಂತು, 2001ರಲ್ಲಿ ಫಿಯಟ್ ಪಾಲಿಯೊ ಬಂತು. ಮಾರುತಿ 800ರ ನಲವತ್ತರ ಆಸುಪಾಸಿನ ಅಶ್ವಶಕ್ತಿಗೆ ಒಗ್ಗಿಹೋಗಿದ್ದ ನಮಗೆ ನೂರರ ಆಸುಪಾಸಿನ ಅಶ್ವಶಕ್ತಿ ಎಂದರೆ ಏನೆಂದು ಈ ಗಾಡಿಗಳು ತೋರಿಸಿಕೊಟ್ಟವು. ಆಗ ಕೊಳ್ಳಲಾಗದೆ ಬಾಯಿ ಬಿಟ್ಟುಕೊಂಡು ನೋಡಿದ ಹುಡುಗರು ಈಗ ನಲವತ್ತರ ಗಂಡಸರಾಗಿ, ಅವನ್ನೇ ಹುಡುಕಿ ಹುಡುಕಿ ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದಾರೆ. ನನ್ನ ಅಳಿಯ ಈ ಜಾತಿಯವನು. ಅವನದು ಯಾವ ಕಂಪನಿಯ ಗಾಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದೆರಡು ಕಂಪನಿಯ ಅಭಿಮಾನಿಗಳು ಇಲ್ಲಿಗೇ ಓದು ನಿಲ್ಲಿಸುತ್ತಾರೆ.

ವೇಗದ ಗಾಡಿಗೆ ಕಷ್ಟ ಬರುವುದು ವೇಗದಲ್ಲಿ ಅಲ್ಲ. ಸಂಕೇಶ್ವರ ದಾಟಿ ಹೆದ್ದಾರಿ ಹಿಡಿದು ಕೊಲ್ಲಾಪುರದ ಕಡೆ ನೂರರಲ್ಲಿ ಓಡಿಸಿ ನೋಡಿ, ಉಷ್ಣತೆಯ ಮುಳ್ಳು ಅರ್ಧದಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತದೆ. ಪೆಟ್ರೋಲು ಉರಿದ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಗಾಡಿ ಎಳೆಯಲು ಹೋಗುತ್ತದೆ, ಸುಮಾರು ಅಷ್ಟೇ ಸೈಲೆನ್ಸರಿನಲ್ಲಿ ಹೋಗುತ್ತದೆ, ಉಳಿದದ್ದನ್ನು ಬಹುಪಾಲು ರೇಡಿಯೇಟರ್ ಹೊರಗೆ ಹಾಕಬೇಕು. ಓಡುವಾಗ ಎದುರುಗಾಳಿಯೇ ಆ ಕೆಲಸ ಮಾಡಿಬಿಡುತ್ತದೆ, ಅರವತ್ತರ ಮೇಲೆ ಫ್ಯಾನಿನ ಹಂಗೇ ಇಲ್ಲ. ಫ್ಯಾನು ಬೇಕಾಗುವುದು ನಿಂತಾಗ. ಅಂದರೆ ಕಬ್ಬಿನ ಡಬ್ಬಿಯ ಹಿಂದೆ, ಘಟಪ್ರಭಾದ ರೈಲ್ವೆ ಗೇಟಿನಲ್ಲಿ, ಗೋಕಾಕದ ಸಂತೆಯ ದಿನ ಬಸ್ಸು ಎಮ್ಮೆ ಬೈಕು ಎಲ್ಲ ಸೇರಿ ಗಂಟು ಬಿದ್ದಾಗ. ಅದೂ ಏಪ್ರಿಲ್ ತಿಂಗಳಾಗಿ, ಒಳಗೆ ಏಸಿ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಬೀಗರು ಕೂತಿದ್ದರಂತೂ ಮುಳ್ಳು ಮೇಲೇರುವುದನ್ನು ನೋಡುತ್ತ ಡ್ರೈವರನ ಬೆವರೂ ಅದೇ ವೇಗದಲ್ಲಿ ಇಳಿಯುತ್ತದೆ.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಈ ಪೇಚಾಟ ಬೇರೆ ತರಹದ್ದಿತ್ತು. ಅವುಗಳ ಫ್ಯಾನು ಎಂಜಿನ್ನಿನ ಮೂತಿಗೇ ಕೂತು ಬೆಲ್ಟಿನಿಂದ ತಿರುಗುತ್ತಿತ್ತು. ಎಂಜಿನ್ ಚಾಲೂ ಇದ್ದಷ್ಟು ಹೊತ್ತು ಫ್ಯಾನು, ಚಳಿಯಿರಲಿ ಬಿಸಿಲಿರಲಿ. 1983ರ ಕೊನೆಗೆ ಮಾರುತಿ ಬಂತು, ಎಂಜಿನ್ನು ಅಡ್ಡ ಮಲಗಿತು, ಅದರ ಪುಲ್ಲಿ ರೇಡಿಯೇಟರಿನ ಕಡೆ ಮುಖ ಮಾಡುವ ಬದಲು ಗಾಲಿಯ ಕಡೆ ತಿರುಗಿತು. ಬೆಲ್ಟಿನಿಂದ ಫ್ಯಾನು ತಿರುಗಿಸುವ ದಾರಿಯೇ ಮುಚ್ಚಿತು. ಅಂದಿನಿಂದ ಫ್ಯಾನಿಗೆ ಸ್ವಂತ ಮೋಟಾರು, ಸ್ವಂತ ಸ್ವಿಚ್ಚು, ಸ್ವಂತ ವೈರು. ಬೆಲ್ಟು ಹರಿದರೆ ಕಣ್ಣಿಗೆ ಕಾಣುತ್ತಿತ್ತು. ವೈರು ಒಳಗೊಳಗೇ ಸೊರಗಿದ್ದು ಯಾರಿಗೂ ಕಾಣುವುದಿಲ್ಲ. ನಾನು ಹೇಳಹೊರಟ ಮಾತು ಇಷ್ಟೇ: ಹಳೆಯ ಗಾಡಿ ಬಿಸಿಯಾದಾಗ ನಾವು ಬೈಯುವುದು ಫ್ಯಾನನ್ನು, ಬೈಯಬೇಕಾದದ್ದು ವೈರನ್ನು.

ಆದರೆ ಆ ಮಾತಿಗೆ ಬರುವ ಮೊದಲು ನಮ್ಮ ಕಡೆಯ ಗ್ಯಾರೇಜುಗಳ ಸರ್ವರೋಗ ನಿವಾರಕ ಔಷಧಗಳ ಬಗ್ಗೆ ಎರಡು ಮಾತು ಆಡದಿದ್ದರೆ ಅನ್ಯಾಯವಾದೀತು. ಮೊದಲನೆಯದು ‘ವಾಲ್ವ್ ತಗದ ಒಗೀರಿ’. ಎಂಜಿನ್ ಬಿಸಿಯಾಗುತ್ತದೆ ಎಂದ ತಕ್ಷಣ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಡಬ್ಬಿಗೆ ಹಾಕುತ್ತಾರೆ. ಆ ಬಡಪಾಯಿ ಎಂಜಿನ್ನು ಬೇಗ ಹದಕ್ಕೆ ಬರಲಿ ಎಂದು ಕಾಯುತ್ತಿತ್ತು. ಅದಿಲ್ಲದೆ ಗಾಡಿ ಬೆಳಗಿನ ಹೊತ್ತು ಸುಮ್ಮನೆ ಪೆಟ್ರೋಲು ಕುಡಿಯುತ್ತದೆ, ಮಧ್ಯಾಹ್ನ ಮೊದಲಿನಷ್ಟೇ ಬಿಸಿಯಾಗುತ್ತದೆ. ಎರಡನೆಯದು ಬೋರಿನ ನೀರು. ಕೂಲೆಂಟ್ ಯಾಕೆ ದಂಡ ಎಂದು ಸವುಳು ನೀರನ್ನೇ ರೇಡಿಯೇಟರಿಗೆ ಸುರಿದರೆ ಒಂದೆರಡು ವರ್ಷದಲ್ಲಿ ಅದರ ಸಂದಿಗೊಂದಿಯಲ್ಲೆಲ್ಲ ಸುಣ್ಣ ಕಟ್ಟುತ್ತದೆ. ಮೂರನೆಯದು ಬಿಸಿಯಿದ್ದಾಗಲೇ ಮುಚ್ಚಳ ತಿರುವುವ ಧೈರ್ಯ. ಆ ಮುಚ್ಚಳ ಸುಮಾರು ಒಂದು ಬಾರ್ ಒತ್ತಡವನ್ನು ಹಿಡಿದಿಟ್ಟುಕೊಂಡಿರುವುದರಿಂದಲೇ ಒಳಗಿನ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯದೆ ತಡೆಯುತ್ತದೆ. ಮುಚ್ಚಳ ತೆಗೆದ ಕ್ಷಣ ಅಷ್ಟೂ ಒಮ್ಮೆಲೇ ಕುದ್ದು ಮುಖಕ್ಕೆ ಬರುತ್ತದೆ. ಈ ಧೈರ್ಯ ಯಾರಿಗೂ ಬೇಡ.

ಅಳಿಯನ ಗಾಡಿಯಲ್ಲಿ ಇದೆಲ್ಲ ಸರಿಯಿತ್ತು. ಫ್ಯಾನಿನ ಮೋಟಾರಿಗೇ ವಯಸ್ಸಾಗಿತ್ತು: ಕಾರ್ಬನ್ ಸವೆದಿತ್ತು, ಬುಶ್ ಅಲುಗಾಡುತ್ತಿತ್ತು, ಪಂಕದ ಒಂದು ಎಲೆ ಮುರಿದಿತ್ತು. ಈ ವಯಸ್ಸಿನ ಗಾಡಿಗೆ ಹೊಸ ಫ್ಯಾನು ಅಂಗಡಿಯಲ್ಲಿ ಸಿಗುವುದು ದೈವಯೋಗ. ಬೆಳಗಾವಿ ನೋಡಿದ್ದಾಯಿತು, ಕೊಲ್ಲಾಪುರ ನೋಡಿದ್ದಾಯಿತು. ಕೊನೆಗೆ ಬೇರೊಂದು ಗಾಡಿಯ ಜೋಡಿ ಫ್ಯಾನು, ಅದರ ಪ್ಲಾಸ್ಟಿಕ್ ಚೌಕಟ್ಟಿನ ಸಮೇತ ಗುಜರಿಯಲ್ಲಿ ಸಿಕ್ಕಿತು. ಆ ಚೌಕಟ್ಟನ್ನು ಬಹಳ ಮಂದಿ ಬೇಡವೆಂದು ಬಿಸಾಡುತ್ತಾರೆ. ಅದಿಲ್ಲದೆ ಫ್ಯಾನು ತನ್ನ ಮುಂದಿನ ಗುಂಡನೆಯ ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ರೇಡಿಯೇಟರಿನ ನಾಲ್ಕು ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ. ಹಾಗಾಗಿ ಚೌಕಟ್ಟನ್ನು ಕೊರೆದು, ಪಟ್ಟಿ ಬಡಿದು, ಹೇಗೋ ಕೂರಿಸಿದರು. ಡಿಸಿ ಮೋಟಾರಿಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದ ಫ್ಯಾನು ಎದುರುಗಾಳಿಯ ಜೊತೆ ಕುಸ್ತಿಗೆ ಬೀಳುತ್ತದೆ, ಗಾಡಿ ಓಡುವಾಗಲೂ ಬಿಸಿಯಾಗತೊಡಗುತ್ತದೆ. ಪರೀಕ್ಷೆಗೆ ಒಂದು ಹಾಳೆ ಸಾಕು. ಮುಂದಿನ ಜಾಳಿಗೆಗೆ ಹಿಡಿದರೆ ಅಂಟಿಕೊಂಡು ನಿಲ್ಲಬೇಕು. ಅಂಟಿಕೊಂಡಿತು.

ಆದರೂ ಗಾಡಿ ಬಿಸಿಯಾಯಿತು. ಗ್ಯಾರೇಜಿನ ಹುಡುಗ ಹಳೆಯ ಫ್ಯಾನಿನ ಎರಡು ವೈರಿಗೇ ಹೊಸ ಎರಡು ಫ್ಯಾನು ಸೇರಿಸಿ, ಕೈಯಲ್ಲಿ ಹೊಸೆದು, ಕಪ್ಪು ಟೇಪು ಸುತ್ತಿದ್ದ. ಫ್ಯಾನು ತಿರುಗುತ್ತಿತ್ತು, ಆದರೆ ಮದುವೆ ಊಟದ ನಂತರ ಪಾತ್ರೆ ತೊಳೆಯಲು ಕರೆದವರ ಉಮೇದಿನಲ್ಲಿ. ‘ಫ್ಯಾನ್ ಸಣ್ಣದಾತ್ರಿ, ಸ್ಕಾರ್ಪಿಯೋದ್ದು ತರಸ್ರಿ’ ಎಂದು ತೀರ್ಪು ಬಂತು. ಅಳಿಯ ಹೊರಡಲು ತಯಾರಾದ. ಅಷ್ಟರಲ್ಲಿ ಪಕ್ಕದ ಅಂಗಡಿಯ ಮೋಟಾರು ರಿವೈಂಡಿಂಗ್ ಮಾಡುವ ಕಾಕಾ ಎದ್ದು ಬಂದರು. ಹುಕ್ಕೇರಿ ಕಡೆಯವರು. ಎದುರಿಗೆ ಹತ್ತೆಂಟು ಸುಟ್ಟ ಪಂಪಸೆಟ್ಟು ರಾಶಿ ಹಾಕಿಕೊಂಡು ಕೂತವರು. ‘ತಡೀ ತಮ್ಮಾ. ದೊಡ್ಡ ಮೋಟರ್ ತರೂಕಿಂತ ಮೊದಲ ಇದಕ್ಕ ಕರೆಂಟ್ ಮುಟ್ಟಾಕತ್ತೈತೇನು ನೋಡೂಣು.’

ಇಲ್ಲಿ ಒಂದಿಷ್ಟು ದಾರಿ ತಪ್ಪುತ್ತೇನೆ. ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಸ್ವಲ್ಪ ಜಂಬ ಉಂಟು, ಅದಕ್ಕೆ ಕಾರಣವೂ ಉಂಟು. ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ಶುರುವಾದ ಹತ್ತಿಯ ಗಿರಣಿಯ ಸಲುವಾಗಿ, 1887ರಲ್ಲೇ ಘಟಪ್ರಭೆಯ ನೀರಿನಿಂದ ವಿದ್ಯುತ್ ತೆಗೆದರು ಎಂಬುದು ಊರಿನ ಹೆಮ್ಮೆಯ ಮಾತು. 1902ರ ಶಿವನಸಮುದ್ರಕ್ಕಿಂತ ನಾವು ಹಿರಿಯರು ಎಂದು ಮೈಸೂರಿನ ಬೀಗರ ಮುಂದೆ ಒಮ್ಮೆಯಾದರೂ ಹೇಳದ ಗೋಕಾಕಿಯನಿಲ್ಲ. ಬೀಗರು ಒಪ್ಪುವುದಿಲ್ಲ, ಆಗ ಕರದಂಟು ಕೊಟ್ಟು ಬಾಯಿ ಮುಚ್ಚಿಸುತ್ತೇವೆ. ಇತ್ತ ಹುಕ್ಕೇರಿಯದು ಇನ್ನೊಂದು ಕಥೆ. ರಾಜ್ಯಕ್ಕೆಲ್ಲ ಸರಕಾರಿ ಕಂಪನಿಗಳು ಕರೆಂಟು ಹಂಚಿದರೆ ಹುಕ್ಕೇರಿಯಲ್ಲಿ ಹಂಚುವುದು ರೈತರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ್ದು. ದೇಶದಲ್ಲಿ ಮೊದಲಿಗೆ ಪ್ರಯೋಗಕ್ಕೆಂದು ಮಾಡಿದ ಕೆಲವೇ ಸಂಘಗಳಲ್ಲಿ ಇದೊಂದು, ಕರ್ನಾಟಕದಲ್ಲಂತೂ ಇದೊಂದೇ. ಹಾಲಿನ ಡೈರಿಗೆ, ಸಕ್ಕರೆ ಕಾರ್ಖಾನೆಗೆ ಸದಸ್ಯರಾಗುವಂತೆ ಕರೆಂಟಿಗೂ ಸದಸ್ಯರಾದ ಊರು ಅದು. ಚುನಾವಣೆ ಬಂದಾಗ ಅಲ್ಲಿನ ಬಿಸಿಯನ್ನು ಯಾವ ಫ್ಯಾನೂ ತಣಿಸಲಾರದು, ಅದನ್ನು ಬಿಡಿ.

ಹೀಗೆ ಬೆಳೆದ ಊರಿನವನಿಗೆ ಮೋಟಾರು ಎಂದರೆ ಹೊಲದ ಮೋಟಾರು. ಅದು ಯಾಕೆ ಸುಡುತ್ತದೆ ಎಂದು ಕೇಳಿ, ಓದು ಬಾರದವನೂ ಉತ್ತರ ಕೊಡುತ್ತಾನೆ: ವೋಲ್ಟೇಜು ಕಮ್ಮಿ. ಟೀಸಿ (ಟ್ರಾನ್ಸ್‌ಫಾರ್ಮರು) ದೂರ, ವೈರು ಸಪೂರ, ನಡುವೆ ಹತ್ತು ಕಡೆ ಗಂಟು. ಅಷ್ಟು ದೂರ ಬರುವಷ್ಟರಲ್ಲಿ ಕರೆಂಟಿನ ಕಸುವೆಲ್ಲ ದಾರಿಯಲ್ಲೇ ಕರಗಿರುತ್ತದೆ. ಈ ಜ್ಞಾನ ಹೊಲದಲ್ಲಿ ಎಲ್ಲರಿಗೂ ಉಂಟು. ಅದೇ ಮನುಷ್ಯ ಕಾರಿನ ಬಾನೆಟ್ ಎತ್ತಿದ ತಕ್ಷಣ ಮರೆತುಬಿಡುತ್ತಾನೆ, ಅದೇ ನನಗೆ ಸೋಜಿಗ.

ಕಾಕಾ ಮೀಟರು ಹಿಡಿದರು. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯ ಮೇಲೆ ಹದಿಮೂರೂವರೆ ವೋಲ್ಟಿಗಿಂತ ಮೇಲೆ. ಫ್ಯಾನಿನ ತುದಿಯಲ್ಲಿ ಹತ್ತರ ಹತ್ತಿರ. ಉಳಿದದ್ದು ಎಲ್ಲಿ ಹೋಯಿತು? ವೈರು ಮುಟ್ಟಿ ನೋಡಿದರೆ ಗೊತ್ತಾಗುತ್ತಿತ್ತು, ಬೆಚ್ಚಗಿತ್ತು. ಅಳಿಯನ ಗಾಡಿಗೆ ರಸ್ತೆಯ ಬಿಸಿ ಸಾಲದೆಂದು ವೈರು ಬೇರೆ ಒಲೆ ಹೂಡಿತ್ತು.

ನಾನು ಗಣಿತ-ವಿಜ್ಞಾನದ ಮಾಸ್ತರನಾಗಿ ನಿವೃತ್ತಿಯಾದವನು, ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದ ಕೆಲಸ. ಓಮನ ನಿಯಮವನ್ನು ಅಲ್ಲೇ ಗ್ಯಾರೇಜಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದೆ. ಆ ಓಮನೂ ಕಲೋನ್ ಪಟ್ಟಣದ ಶಾಲೆಯಲ್ಲಿ ಮಾಸ್ತರಕಿ ಮಾಡಿದವನೇ. 1827ರಲ್ಲಿ ಅವನು ತನ್ನ ಲೆಕ್ಕ ಅಚ್ಚು ಹಾಕಿಸಿದಾಗ ಅವನ ಊರಿನವರೂ ಕೇಳಿರಲಿಲ್ಲ, ಗ್ಯಾರೇಜಿನವರು ನನ್ನದನ್ನು ಕೇಳದಿದ್ದರೆ ಬೇಜಾರಿಲ್ಲ. ಲೆಕ್ಕ ಸರಳ. ಎರಡು ಫ್ಯಾನು ಸೇರಿ ಇಪ್ಪತ್ತೈದು ಆಂಪಿಯರ್ ಎಳೆಯುತ್ತವೆ ಎನ್ನಿ. ಒಂದು ಚದರ ಮಿಲಿಮೀಟರಿನ ವೈರು ಮೂರು ಮೀಟರ್ ಇದ್ದರೆ ಅದರಲ್ಲೇ ಸುಮಾರು 1.3 ವೋಲ್ಟ್ ಹೋಗುತ್ತದೆ. ನಾಲ್ಕು ಚದರ ಮಿಲಿಮೀಟರಿನದು ಹಾಕಿದರೆ ಅದರ ಕಾಲುಭಾಗ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೆರಡರಲ್ಲಿ ಒಂದು ಹೋದರೆ ಮನೆ ಯಜಮಾನನಿಗೆ ತಿಳಿಯಲೇಬೇಕು. ಅದರ ಮೇಲೆ ಹಸಿರುಗಟ್ಟಿದ ತಾಮ್ರ, ಕೈಯಲ್ಲಿ ಹೊಸೆದ ಗಂಟು, ಸವೆದ ಸ್ವಿಚ್ಚು, ತುಕ್ಕಿನ ಮೇಲೆ ಬಿಗಿದ ಅರ್ಥಿಂಗು. ಒಬ್ಬೊಬ್ಬರೂ ಅರ್ಧರ್ಧ ವೋಲ್ಟ್ ತಿಂದರೆ ಫ್ಯಾನಿಗೆ ಉಳಿಯುವುದು ಎಂಜಲು.

ಹಾಗಾಗಿ ಹಳೆಯ ವೈರಿಗೆ ದೊಡ್ಡ ಕೆಲಸ ಕೊಡುವುದೇ ಬೇಡ ಎಂದರು ಕಾಕಾ. ರಿಲೇ ತರಿಸಿದರು. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಕರಿಯ ಪೆಟ್ಟಿಗೆ, ಬುಡದಲ್ಲಿ ನಾಲ್ಕೈದು ಕಾಲು, ಪ್ರತಿ ಕಾಲಿಗೂ ನಂಬರು: 30, 85, 86, 87. ಜರ್ಮನಿಯವರು ಹಾಕಿದ ನಂಬರು, ಗೋಕಾಕದ ಅಂಗಡಿಯಲ್ಲಿ ಸಿಗುವ ಅಗ್ಗದ ರಿಲೇಯಲ್ಲೂ ಅದೇ. ಗ್ಯಾರೇಜಿನ ಹುಡುಗನಿಗೆ ಈ ನಂಬರುಗಳೆಂದರೆ ಭಯ. ಕಾಕಾ ಒಂದೇ ಮಾತಿನಲ್ಲಿ ಭಯ ಬಿಡಿಸಿದರು: ‘ಇದು ಬೋರಿನ ಸ್ಟಾರ್ಟರ್ ಐತಿ. ಹಸರ ಬಟನ್ ಒತ್ತತಿ, ಒಳಗ ಕಾಯಿಲ್ ಎಳಿತೈತಿ, ಟಕ್ ಅಂತೈತಿ, ಮೋಟರ್ ಹೊಂಡತೈತಿ. ಬಟನ್‌ದಾಗ ಮೋಟರಿನ ಕರೆಂಟ್ ಹರೀತೈತೇನು? ಇಲ್ಲ. ಹಂಗ.’ 85 ಮತ್ತು 86 ಕಾಯಿಲಿನ ಎರಡು ತುದಿ, ಅದಕ್ಕೆ ಬೇಕಾದದ್ದು ಅರ್ಧ ಆಂಪಿಯರಿಗಿಂತಲೂ ಕಡಿಮೆ. ಹಳೆಯ ಸಪೂರ ವೈರು, ರೇಡಿಯೇಟರಿನ ಹಳೆಯ ಸ್ವಿಚ್ಚು ಇದನ್ನು ನಿದ್ದೆಗಣ್ಣಲ್ಲೂ ಮಾಡಿಯಾವು. 30ಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು. 87ರಿಂದ ಫ್ಯಾನಿಗೆ ದಪ್ಪ ವೈರು. ಒಂದೊಂದು ಫ್ಯಾನಿಗೆ ಒಂದೊಂದು ರಿಲೇ, ಒಂದೊಂದು ಫ್ಯೂಜು. ಒಂದು ಕೈಕೊಟ್ಟರೆ ಇನ್ನೊಂದು ಮನೆ ಮುಟ್ಟಿಸುತ್ತದೆ.

ಫ್ಯೂಜಿನ ಜಾಗದ ಬಗ್ಗೆ ಒಂದು ಜಗಳವೇ ಆಯಿತು. ಫ್ಯಾನು ಉಳಿಸುವುದಕ್ಕೆ ಫ್ಯೂಜು, ಹಾಗಾಗಿ ಫ್ಯಾನಿನ ಹತ್ತಿರ ಇರಲಿ ಎಂದು ಹುಡುಗ ವಾದಿಸಿದ. ಆದರೆ ಫ್ಯೂಜು ಇರುವುದು ವೈರಿನ ಸಲುವಾಗಿ. ಬ್ಯಾಟರಿಯಿಂದ ಹೊರಟ ವೈರು ದಾರಿಯಲ್ಲಿ ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಕಿತ್ತುಕೊಂಡರೆ ನೂರಾರು ಆಂಪಿಯರ್ ಹರಿದು ಗಾಡಿಗೇ ಬೆಂಕಿ. ಆ ತಗಡಿಗೂ ಬ್ಯಾಟರಿಗೂ ನಡುವೆ ಫ್ಯೂಜಿಲ್ಲದಿದ್ದರೆ ಫ್ಯಾನಿನ ಹತ್ತಿರದ ಫ್ಯೂಜು ಆ ಬೆಂಕಿಯನ್ನು ನೋಡುತ್ತ ಕೂತಿರುತ್ತದೆ. ಬ್ಯಾಟರಿಯಿಂದ ಗೇಣು ದೂರದಲ್ಲಿ ಹಾಕಿದರು. ಫ್ಯಾನು ಹೊರಡುವ ಗಳಿಗೆಯಲ್ಲಿ ಓಡುವಾಗಿನ ಎರಡು ಮೂರು ಪಟ್ಟು ಎಳೆಯುತ್ತದೆ, ಅದಕ್ಕೆ ತಕ್ಕ ಅಂಕೆಯ ಫ್ಯೂಜು ಬೇಕು. ಹಾರಿಹೋಯಿತೆಂದು ಸಿಗರೇಟಿನ ಬೆಳ್ಳಿ ಕಾಗದ ಸುತ್ತುವ ಕಲೆ ನಮ್ಮ ಕಡೆ ಬಲ್ಲವರು ಬಹಳ. ಕಾಕಾ ಅಂಥವರ ಮೋಟಾರುಗಳಿಂದಲೇ ಮಗಳ ಮದುವೆ ಮಾಡಿದ್ದಾಗಿ ಹೇಳಿದರು.

ಇನ್ನು ಮೈನಸ್ಸು. ಎಲ್ಲರಿಗೂ ಪ್ಲಸ್ಸಿನ ಮೇಲೆಯೇ ಭಕ್ತಿ. ಹೋದ ಕರೆಂಟು ವಾಪಸು ಬರಲೂ ಅಷ್ಟೇ ಅಗಲದ ದಾರಿ ಬೇಕೆಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಬಾಡಿಯ ಬಣ್ಣ ಕೆರೆದು, ಹೊಳೆಯುವ ತಗಡು ಕಂಡ ಮೇಲೆ ವೈರಿನ ತುದಿಗೆ ಥಿಂಬಲ್ ಒತ್ತಿ ಬೋಲ್ಟು ಬಿಗಿದು, ಮೇಲೆ ಗ್ರೀಸು ಹಚ್ಚಿದರು. ಥಿಂಬಲ್ಲನ್ನು ಹಲ್ಲಿನಲ್ಲಿ ಕಚ್ಚಿ ಕೂರಿಸುವವರನ್ನು ನಾನು ನೋಡಿದ್ದೇನೆ. ಕಾಕಾ ಅದಕ್ಕೆಂದೇ ಇರುವ ಇಕ್ಕಳದಲ್ಲಿ ಒತ್ತಿ, ಒತ್ತಿದ ಮೇಲೆ ಒಮ್ಮೆ ಜೋರಾಗಿ ಜಗ್ಗಿ ನೋಡುತ್ತಿದ್ದರು. ಜಗ್ಗಿದಾಗ ಬಂದರೆ ಬರಲಿ, ಯರಗಟ್ಟಿ ರಸ್ತೆಯಲ್ಲಿ ಬರುವುದು ಬೇಡ.

ರೇಡಿಯೇಟರಿನ ಸ್ವಿಚ್ಚು ಸರಿಯಾದ ಹೊತ್ತಿಗೆ ಹತ್ತುತ್ತದೆಯೇ ಎಂಬ ಅನುಮಾನ ಉಳಿದಿತ್ತು. ಅದನ್ನು ಬಿಚ್ಚಿ ಮನೆಗೆ ತಂದು ಅಕ್ಕನ ಅಡುಗೆಮನೆಯಲ್ಲಿ ಪರೀಕ್ಷೆ ಇಟ್ಟುಕೊಂಡೆವು. ನೀರಿನಲ್ಲಿ ಸ್ವಿಚ್ಚಿನ ಮೂತಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್, ಇತ್ತ ಮೀಟರಿನ ಎರಡು ಮುಳ್ಳು. 92ರ ಹತ್ತಿರ ಮೀಟರು ಕೂಗಿತು, ಒಲೆ ಆರಿಸಿದ ಮೇಲೆ 87ರ ಹತ್ತಿರ ಸುಮ್ಮನಾಯಿತು. ಗೋಕಾಕ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 98ಕ್ಕೆ, ಇನ್ನೂ ಎತ್ತರದ ಊರಾಗಿದ್ದರೆ ಪರೀಕ್ಷೆಗೆ ಎಣ್ಣೆ ಇಡಬೇಕಾಗುತ್ತಿತ್ತು ಎಂದು ನಾನು ವಿವರಿಸಿದೆ. ‘ಆ ಪಾತೇಲಿ ಇನ್ನ ಅಡಗಿಗೆ ಬರಂಗಿಲ್ಲ, ನಿಮ್ಮ ಗಾಡ್ಯಾಗ ಇಟ್ಕೋರಿ’ ಎಂದು ಅಕ್ಕ ವಿವರಣೆಗೆ ತೆರೆ ಎಳೆದಳು.

ಏಸಿಯ ವೈರಿನಿಂದ ಇನ್ನೊಂದು ಎಳೆ ತಂದು ರಿಲೇಗೆ ಸೇರಿಸಿದರು. ಏಸಿ ಹಾಕಿದ ಕೂಡಲೇ ಫ್ಯಾನು ತಿರುಗಬೇಕು, ಏಕೆಂದರೆ ರೇಡಿಯೇಟರಿನ ಮುಂದೆ ಏಸಿಯ ಕಂಡೆನ್ಸರ್ ಕೂತು ತನ್ನ ಬಿಸಿಯನ್ನೂ ಅದರ ಮೇಲೆಯೇ ಊದುತ್ತಿರುತ್ತದೆ. ಎರಡು ಕಡೆಯಿಂದ ಬಂದ ಎಳೆಗಳು ಒಂದಕ್ಕೊಂದು ಉಲ್ಟಾ ಹರಿಯದಂತೆ ನಡುವೆ ಡಯೋಡು. ದೊಡ್ಡ ಗಾಡಿಗಳಲ್ಲಿ ಮೂರು ರಿಲೇ ಇಟ್ಟು ಇನ್ನೊಂದು ಜಾಣತನ ಮಾಡುತ್ತಾರೆ: ಮೊದಲು ಎರಡು ಫ್ಯಾನನ್ನೂ ಸಾಲಾಗಿ ಜೋಡಿಸಿ ಒಂದೊಂದಕ್ಕೆ ಆರಾರು ವೋಲ್ಟ್ ಕೊಟ್ಟು ಮೆಲ್ಲಗೆ ತಿರುಗಿಸುವುದು, ಬಿಸಿ ಹೆಚ್ಚಾದರೆ ಎರಡಕ್ಕೂ ಪೂರ್ತಿ ಹನ್ನೆರಡು ಕೊಟ್ಟು ಜೋರಾಗಿ ತಿರುಗಿಸುವುದು. ಅಳಿಯನಿಗೆ ಅದೂ ಬೇಕಿತ್ತು. ‘ಮೊದಲ ಇದರಾಗ ಮೂಡಲಗಿ ತನಕ ಹೋಗಿ ಬಾ’ ಎಂದರು ಕಾಕಾ.

ಹೋಗುವ ಮೊದಲು ನಿಲ್ಲಿಸಿಯೇ ನೋಡಬೇಕಲ್ಲ. ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, ಫ್ಯಾನು ಯಾವಾಗ ಹತ್ತುತ್ತದೆ ಎಂದು ಕಾಯುತ್ತ ನಿಂತೆವು. ಹೀಗೆ ಕಾಯುವುದೂ ಒಂದು ಆಟ. ಒಬ್ಬ ನಿಂತರೆ ಇನ್ನಿಬ್ಬರು ಬರುತ್ತಾರೆ, ಚಹಾ ಬರುತ್ತದೆ. ಕುಲಗೋಡ ತಮ್ಮಣ್ಣನ ಪಾರಿಜಾತದ ಆಟವನ್ನು ಬೆಳಗಿನ ತನಕ ಕೂತು ನೋಡಿದ ಸೀಮೆಗೆ ಕಾಯುವುದು ಕಲಿಸಬೇಕಿಲ್ಲ. ಮುಳ್ಳು ಅರ್ಧ ದಾಟಿತು, ಸಣ್ಣಗೆ ಟಕ್ ಎಂದಿತು, ಎರಡೂ ಫ್ಯಾನು ಒಮ್ಮೆಲೇ ಎದ್ದವು. ಮುಂದೆ ನಿಂತವನ ಕೈಯಲ್ಲಿದ್ದ ಪೇಪರಿನ ಪುರವಣಿ ಹಾರಿಹೋಗಿ ಜಾಳಿಗೆಗೆ ಬಡಿದುಕೊಂಡಿತು. ಮೀಟರು ನೋಡಿದರೆ ಫ್ಯಾನಿನ ತುದಿಯಲ್ಲಿ ಹದಿಮೂರು. ಗ್ಯಾರೇಜಿನ ಹುಡುಗ ಸ್ಕಾರ್ಪಿಯೋದ ಮಾತು ಮತ್ತೆ ಎತ್ತಲಿಲ್ಲ.

ಒಂದು ತಕರಾರು ಮಾತ್ರ ಬಗೆಹರಿದಿಲ್ಲ. ಕೀಲಿ ತೆಗೆದ ಮೇಲೂ ಫ್ಯಾನು ಎರಡು ಮೂರು ನಿಮಿಷ ತಿರುಗುತ್ತದೆ, ಒಳಗಿನ ಬಿಸಿ ಇಳಿಯಲಿ ಎಂದು ಬಹಳ ಗಾಡಿಗಳಲ್ಲಿ ಹಾಗೆಯೇ ಮಾಡಿರುತ್ತಾರೆ. ಆದರೆ ಕಲ್ಲೊಳ್ಳಿಯ ಹನುಮಪ್ಪನ ಗುಡಿಯ ಮುಂದೆ ನಿಲ್ಲಿಸಿ ಇಳಿದರೆ ‘ಅಣ್ಣಾ, ಗಾಡಿ ಚಾಲೂ ಬಿಟ್ಟ ಬಂದೀರಿ’ ಎಂದು ಹಿಂದೆಯೇ ಓಡಿ ಬರುವವರು ನಾಲ್ಕು ಜನ. ಬ್ಯಾಟರಿ ಹಳತಾದರೆ ಇದು ದುಬಾರಿಯ ಗಾಳಿಯೂ ಹೌದು. ಕಾಕಾ ಕಾಯಿಲಿನ ಪ್ಲಸ್ಸನ್ನು ಕೀಲಿಗೆ ಕಟ್ಟಿಬಿಡೋಣ ಎಂದರು, ಅಳಿಯ ಬೇಡವೆಂದ. ಬದಲಿಗೆ ತನಗೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ಚು ಬೇಕು, ಮನಸ್ಸಿಗೆ ಬಂದಾಗ ಫ್ಯಾನು ಹಚ್ಚಲು. ತಾನಾಗಿ ಹತ್ತುವುದಕ್ಕೆ ಇವನ ಮನಸ್ಸು ಯಾಕೆ ಬೇಕು ಎಂದು ಕಾಕಾ ಕೇಳಿದರು. ಥರ್ಮೋಸ್ವಿಚ್ಚು ಕೆಟ್ಟ ದಿನ ಬೇಕಾಗುತ್ತದೆ ಎಂಬುದು ಅವನ ಉತ್ತರ, ಅದು ಸುಳ್ಳೂ ಅಲ್ಲ. ಸ್ವಿಚ್ಚು ಬಂತು, ಮೇಲೊಂದು ಕೆಂಪು ದೀಪವೂ ಬಂತು. ಆ ದೀಪ ಹತ್ತಿದಾಗ ಹಿಂದಿನ ಸೀಟಿನವರು ಗಾಬರಿಯಾಗುತ್ತಾರೆ.

ಹಣ ಕೊಡುವ ಹೊತ್ತಿಗೆ ಸಂಜೆಯಾಗಿತ್ತು. ಅಳಿಯ ಹೆಡ್‌ಲೈಟ್ ಹಚ್ಚಿದ. ಕಾಕಾ ಬಗ್ಗಿ ನೋಡಿದರು, ನನ್ನ ಕಡೆ ತಿರುಗಿದರು. ‘ಮಾಸ್ತರ್ರ, ಇದಕ್ಕೂ ಅದ ರೋಗ ಐತ್ರಿ. ಬಲ್ಬಿಂದೆಲ್ಲಾ ಕರೆಂಟ್ ಸ್ಟೇರಿಂಗ್ ಬುಡದ ಸ್ವಿಚ್ಚಿನಾಗ ಹಾದ ಬರತೈತಿ. ಎರಡ ರಿಲೇ ಹಾಕಿದ್ರ ರಾತ್ರಿ ಕಬ್ಬಿನ ಡಬ್ಬಿ ದೂರಿಂದನ ಕಾಣ್ತಾವ.’ ಅಳಿಯ ಕೀಲಿ ತೆಗೆದು ಅವರ ಕೈಗೆ ಕೊಟ್ಟ. ಫ್ಯಾನು ಇನ್ನೂ ತಿರುಗುತ್ತಿತ್ತು. ನಾನು ಬಸ್ಸಿಗೆ ಹೊರಟೆ.